ಹಣ್ಣು ನಮ್ಮದು, ಕಾಗದ ಎಲ್ಲಿಂದ ತರೋಣ?

"ಸಣ್ಣ ರೈತರಲ್ಲಿ ಅರಿವಿನ ಕೊರತೆ ಇದೆ."

ಈ ಒಂದು ವಾಕ್ಯ ಕೇಳಿದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಕಾರವಾರದಲ್ಲಿ ಒಂದು ತರಬೇತಿ ಕಾರ್ಯಕ್ರಮಕ್ಕೆ ಹೋಗಿ ಕೂತಿದ್ದೆ. ಯಾರು ನಡೆಸಿದ್ದು, ಯಾವ ಸಭಾಭವನ ಅನ್ನೋದೆಲ್ಲ ಬೇಡ ಬಿಡಿ, ಪಾಪ ಊಟ ಚೆನ್ನಾಗಿ ಹಾಕಿದ್ದರು. ವಿಷಯ ಏನಪ್ಪಾ ಅಂದರೆ ಪ್ರಮಾಣಪತ್ರ. ಸಾವಯವ ಪ್ರಮಾಣಪತ್ರ, ಭೌಗೋಳಿಕ ಸೂಚಿಕೆ, ಸುಸ್ಥಿರ ಕೃಷಿ, ರಫ್ತು ಮಾರುಕಟ್ಟೆ... ಒಂದಾದ ಮೇಲೊಂದು ಚಿತ್ರ ಪರದೆ ಮೇಲೆ ಬರ್ತಾ ಇತ್ತು. ಅದರಲ್ಲೊಂದು ಮಲೇಶಿಯಾದ ಎಣ್ಣೆ ತಾಳೆ ತೋಟ. ತೋಟದ ಮುಂದೆ ನಗುತ್ತಾ ನಿಂತ ರೈತ, ಪಕ್ಕದಲ್ಲಿ ತಾಳೆಗರಿಯ ಮುದ್ರೆ. ಪ್ಯಾಂಟಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ ಭಾಷಣಕಾರರು ಕೇಳಿದರು, "ಅಲ್ಲಿಯ ಸಣ್ಣ ರೈತ ಮಾಡಿದ್ದನ್ನು ನೀವು ಯಾಕೆ ಮಾಡಬಾರದು?"

ನನ್ನ ಪಕ್ಕದ ಕುರ್ಚಿಯಲ್ಲಿ ಅಂಕೋಲೆ ಕಡೆಯ ಹಾಲಕ್ಕಿ ಹೆಂಗಸೊಬ್ಬಳು ಕೂತಿದ್ದಳು. ಕುತ್ತಿಗೆ ತುಂಬ ಮಣಿಸರ, ಮಡಿಲಲ್ಲಿ ಸಂಸ್ಥೆಯವರು ಕೊಟ್ಟ ಪೆನ್ನು, ನೋಟ್‌ಬುಕ್ಕು. ವಯಸ್ಸು ಅರವತ್ತರ ಮೇಲೆ ಇರಬೇಕು. ನನ್ನ ಕಡೆ ಬಾಗಿ ಮೆಲ್ಲಗೆ ಅಂದಳು:

"ತಮಾ, ಪಹಣಿ ಇಲ್ದೇ ಇದ್ರೆ ಇದೆಲ್ಲಾ ಆಗ್ತದಾ? ಕೇಳು."

ಕೇಳಿದೆ. ಉತ್ತರ ಬಂತು. "ಜಮೀನಿನ ದಾಖಲೆ ಬೇಕಾಗುತ್ತೆ ಸಾರ್. ಅದು ಕಂದಾಯ ಇಲಾಖೆಗೆ ಬಿಟ್ಟ ವಿಷಯ, ಇಲ್ಲಿ ಚರ್ಚೆ ಬೇಡ. ಮುಖ್ಯವಾಗಿ ಸಣ್ಣ ರೈತರಲ್ಲಿ ಅರಿವಿನ ಕೊರತೆ ಇದೆ."

ಅಲ್ಲ ಸ್ವಾಮೀ, ಇಡೀ ಸಭೆಯಲ್ಲಿ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳಿದ್ದು ಆ ಅಕ್ಕ. ಅರಿವು ಯಾರಿಗೆ ಕಡಿಮೆ?

ಆ ರಾತ್ರಿ ನಿದ್ದೆ ಬರಲಿಲ್ಲ. ಸೆಕೆ ಬೇರೆ, ಕರೆಂಟೂ ಹೋಗಿತ್ತು. ಮೊಬೈಲು ಹಿಡಿದುಕೊಂಡು ಆ ತಾಳೆಗರಿ ಮುದ್ರೆಯ ಕಥೆ ಏನು ಅಂತ ಓದುತ್ತಾ ಕೂತೆ. ನಮಗೂ ತಾಳೆ ಎಣ್ಣೆಗೂ ಏನು ಸಂಬಂಧ ಅಂತೀರಾ? ನಮ್ಮ ಅಂಕೋಲೆ ಕಾರವಾರದ ಗುಡ್ಡಗಳಲ್ಲಿ ಎಣ್ಣೆ ತಾಳೆ ತೋಟ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಆದರೆ ಅಡುಗೆಮನೆಯಲ್ಲಿ ಪಾಮೋಲಿನ್ ಬಂದು ಕೂತು ಎಷ್ಟೋ ವರ್ಷವಾಯಿತು. ತೆಂಗಿನೆಣ್ಣೆಯಲ್ಲಿ ಬಂಗಡೆ ಹುರಿಯುತ್ತಿದ್ದ ಊರಿನವರು ನಾವು, ಈಗ ಬೇಕರಿ ಖಾರಿಯಿಂದ ಹಿಡಿದು ಸಾಬೂನಿನವರೆಗೆ ಎಲ್ಲದರಲ್ಲೂ ಅದೇ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶಗಳ ಸಾಲಿನಲ್ಲಿ ಮುಂದೆ ನಿಂತಿರೋದು ನಾವೇ.

ಮುದ್ರೆ ಕೊಡುವುದು ಆರ್‌ಎಸ್‌ಪಿಒ ಅನ್ನೋ ಸಂಸ್ಥೆ. ಸುಸ್ಥಿರ ತಾಳೆ ಎಣ್ಣೆಯ ದುಂಡುಮೇಜು ಅಂತ ಕನ್ನಡದಲ್ಲಿ ಕರೆಯಬಹುದು. ಶುರುವಾಗಿದ್ದು 2004ರಲ್ಲಿ. ಕಾಡು ಕಡಿದು ತಾಳೆ ನೆಡಬೇಡಿ, ಊರವರ ಜಾಗ ಕಿತ್ತುಕೊಳ್ಳಬೇಡಿ, ಕೂಲಿಯವರನ್ನು ಹಿಂಡಬೇಡಿ ಅಂತ ನಿಯಮ. ಉದ್ದೇಶ ಒಳ್ಳೆಯದೇ, ನಾನು ಅದನ್ನು ಹಂಗಿಸುತ್ತಿಲ್ಲ. ಈಗ ಜಗತ್ತಿನ ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲಿಗೆ ಆ ಪ್ರಮಾಣಪತ್ರ ಇದೆ. ಇಂಡೋನೇಶಿಯಾದ ತಾಳೆ ತೋಟಗಳಲ್ಲಿ ನೂರಕ್ಕೆ ನಲವತ್ತರಷ್ಟು ಸಣ್ಣ ರೈತರ ಕೈಯಲ್ಲಿದೆ. ಹಾಗಾದರೆ ಮುದ್ರೆಯಲ್ಲೂ ಅವರಿಗೆ ಅಷ್ಟೇ ಪಾಲು ಸಿಕ್ಕಿರಬೇಕು ತಾನೇ?

ಸಿಕ್ಕಿಲ್ಲ. ಯಾವ ಕಂಪನಿಗೂ ಅಂಟಿಕೊಳ್ಳದ ಸ್ವತಂತ್ರ ಸಣ್ಣ ರೈತರ ಗುಂಪಿಗೆ ಆ ದೇಶದಲ್ಲಿ ಮೊದಲ ಬಾರಿ ಪ್ರಮಾಣಪತ್ರ ಬಂದಿದ್ದು 2013ರಲ್ಲಿ, ಅದೂ ಹೊರಗಿನವರು ಕೈಹಿಡಿದು ನಡೆಸಿದ ಮೇಲೆ. ಅಂಥ ರೈತರಿಗೆಂದೇ ಬೇರೆ ನಿಯಮಾವಳಿ ಒಪ್ಪಿಗೆಯಾಗಿದ್ದು 2019ರ ನವೆಂಬರಿನಲ್ಲಿ. ಕಂಪನಿಗೆ ಹೊಲಿದ ಅಂಗಿ ರೈತನ ಮೈಗೆ ಕೂರೋದಿಲ್ಲ ಅಂತ ಗೊತ್ತಾಗಲಿಕ್ಕೆ ಹದಿನೈದು ವರ್ಷ! ಪರದೆ ಮೇಲೆ ನಗುತ್ತಿದ್ದ ರೈತನ ಹಿಂದೆ ಇಷ್ಟೆಲ್ಲ ಇತ್ತು ಅಂತ ನಮಗೆ ಯಾರೂ ಹೇಳಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಲಿಲ್ಲ. ತಾಳೆ ಗೊನೆ ಕೊಯ್ದ ಮೇಲೆ ಒಂದೆರಡು ದಿನದೊಳಗೆ ಗಾಣಕ್ಕೆ ಬೀಳಬೇಕು. ತಡವಾದಷ್ಟೂ ಎಣ್ಣೆ ಕೆಡುತ್ತದೆ. ಎರಡು ಎಕರೆಯ ರೈತ ಏನು ಮಾಡುತ್ತಾನೆ? ಹತ್ತಿರದ ಕಾರ್ಖಾನೆಗೋ, ರಸ್ತೆಗೆ ಬಂದ ದಲ್ಲಾಳಿಯ ಲಾರಿಗೋ ಹಾಕಿ ಕೈ ತೊಳೆದುಕೊಳ್ಳುತ್ತಾನೆ. ಆ ಕಾರ್ಖಾನೆಗೆ ಪ್ರಮಾಣಪತ್ರ ಇಲ್ಲದಿದ್ದರೆ ಇವನ ಗೊನೆ ಎಲ್ಲ ಗೊನೆಗಳ ಜೊತೆ ಒಂದೇ ಹಂಡೆಯಲ್ಲಿ ಬೇಯುತ್ತದೆ. ಎಣ್ಣೆ ಒಂದು ಕಡೆ ಹೋಗಿ, ಪ್ರಮಾಣಪತ್ರದ ಲೆಕ್ಕವನ್ನು ಮಾತ್ರ ಬೇರೆಯಾಗಿ ಮಾರುವ ಏರ್ಪಾಟೊಂದನ್ನು ಮಾಡಿಟ್ಟಿದ್ದಾರೆ, ನಿಜ. ಆದರೆ ಅದಕ್ಕೂ ಗುಂಪು ಬೇಕು, ಗುಂಪಿಗೊಬ್ಬ ಮ್ಯಾನೇಜರು ಬೇಕು, ಲೆಕ್ಕ ತಪಾಸಣೆ ಬೇಕು.

ನಮ್ಮ ದೇಶದಲ್ಲೋ? 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಎಣ್ಣೆ ತಾಳೆಗೆಂದು 11,040 ಕೋಟಿ ರೂಪಾಯಿಯ ಮಿಷನ್ ಘೋಷಿಸಿತು. 2025-26ರ ಹೊತ್ತಿಗೆ 10 ಲಕ್ಷ ಹೆಕ್ಟೇರಿಗೆ ಮುಟ್ಟಿಸೋದು ಗುರಿ. ನಮ್ಮ ರಾಜ್ಯದಲ್ಲಿ ಭದ್ರಾ, ತುಂಗಭದ್ರಾ, ಕಾವೇರಿ ಅಚ್ಚುಕಟ್ಟಿನ ಕಡೆ ಮೊದಲಿಂದಲೂ ಸ್ವಲ್ಪ ಬೆಳೆಯುತ್ತಾರೆ. ಈ ಬೆಳೆಯ ಪದ್ಧತಿ ಹೇಗೆ ಅಂದರೆ ಒಂದೊಂದು ಪ್ರದೇಶವನ್ನು ಒಂದೊಂದು ಕಂಪನಿಗೆ ವಹಿಸಿಬಿಡೋದು. ಅಲ್ಲಿಯ ರೈತ ಮಾರುವುದು ಆ ಕಂಪನಿಗೇ. ಅಂಥವನಿಗೆ "ಪ್ರಮಾಣಪತ್ರ ಮಾಡಿಸಿಕೋ, ಒಳ್ಳೆ ಮಾರುಕಟ್ಟೆ ಸಿಗುತ್ತೆ" ಅನ್ನೋದು ಹೇಗಿದೆ ಅಂದರೆ, ಹುಡುಗಿ ಆಗಲೇ ನಿಶ್ಚಯವಾದವನಿಗೆ ಜಾತಕಗಳ ಕಟ್ಟು ಕೊಟ್ಟ ಹಾಗೆ.

ಇರಲಿ. ತಾಳೆ ಸುದ್ದಿ ಸಾಕು, ನಮ್ಮ ಮಾವಿನಹಣ್ಣಿಗೆ ಬರೋಣ.

ಮೇ ತಿಂಗಳಲ್ಲಿ ಅಂಕೋಲೆಗೆ ಬಂದವರಿಗೆ ಕರಿ ಇಶಾಡ ಏನು ಅಂತ ಹೇಳಬೇಕಾಗಿಲ್ಲ. ಬರದವರಿಗೆ ಹೇಳಿ ಅರ್ಥ ಮಾಡಿಸೋದೂ ಕಷ್ಟ :) ಇಶಾಡದಲ್ಲಿ ಎರಡು ಜಾತಿ. ಬಿಳಿ ಇಶಾಡಕ್ಕೆ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಸ್ವಲ್ಪ ಕಮ್ಮಿ. ಕರಿ ಇಶಾಡಕ್ಕೆ ತೆಳು ಸಿಪ್ಪೆ, ತುಂಬ ತಿರುಳು, ಸಿಹಿ ಅಂದರೆ ಅದೇ. ಆಪೂಸಿನವರು ಸಿಟ್ಟಾಗಬೇಡಿ, ನಾನು ಹುಟ್ಟಿದ ಊರಿನ ಪಕ್ಷಪಾತ ನನಗಿದೆ. ಇದರ ಒಂದೇ ದೋಷ ಅಂದರೆ ಬಾಳಿಕೆ. ಹಣ್ಣಾಯಿತು ಅಂದಮೇಲೆ ಕಾಯೋದಿಲ್ಲ. ಅಂಕೋಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸರು ಸಂಜೆ ನಾಲ್ಕರ ಮೇಲೆ ದರ ಇಳಿಸೋದು ಯಾಕೆ ಅಂದುಕೊಂಡಿರಿ? ತಾಳೆಗೊನೆಯ ಕಥೆಯೇ ಇಲ್ಲೂ. ಕೆಡುವ ಮಾಲು ಇಟ್ಟುಕೊಂಡವನು ದರ ಹೇಳೋದಿಲ್ಲ, ದರ ಕೇಳುತ್ತಾನೆ.

2023ರಲ್ಲಿ ಅಂಕೋಲಾ ಕರಿ ಇಶಾಡಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಸಿಕ್ಕಿತು. ನಮ್ಮದೇ ತಾಲೂಕಿನ ರೈತ ಉತ್ಪಾದಕ ಕಂಪನಿಯವರು ಓಡಾಡಿ ಮಾಡಿಸಿದ್ದು, ಅವರಿಗೆ ದೊಡ್ಡ ನಮಸ್ಕಾರ. ಅವತ್ತು ನಾನೂ ಸಿಹಿ ಹಂಚಿದ್ದೆ. ಆದರೆ ಜಿಐ ಬಂದ ಮಾತ್ರಕ್ಕೆ ಅಂಕೋಲೆಯ ಪ್ರತಿ ಬೆಳೆಗಾರನ ಬುಟ್ಟಿಗೂ ಮುದ್ರೆ ಬೀಳೋದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. 1999ರ ಕಾಯಿದೆ ಪ್ರಕಾರ ಹೆಸರು ನೋಂದಣಿಯಾದ ಮೇಲೆ ಒಬ್ಬೊಬ್ಬ ಬೆಳೆಗಾರನೂ 'ಅಧಿಕೃತ ಬಳಕೆದಾರ' ಅಂತ ಬೇರೆ ಅರ್ಜಿ ಹಾಕಬೇಕು. ಕಚೇರಿ ಚೆನ್ನೈಯಲ್ಲಿ. ಶುಲ್ಕ ಮೊದಲು 500 ರೂಪಾಯಿ ಇತ್ತು, 2020ರಲ್ಲಿ ಹತ್ತು ರೂಪಾಯಿಗೆ ಇಳಿಸಿದರು. ಒಳ್ಳೆ ಕೆಲಸ ಮಾಡಿದರು. ಹತ್ತು ರೂಪಾಯಿ ಯಾರ ಹತ್ತಿರವೂ ಇದೆ. ಆದರೆ "ನಾನು ಈ ಪ್ರದೇಶದಲ್ಲಿ ಇದನ್ನು ಬೆಳೆಯುವವನು" ಅಂತ ತೋರಿಸಬೇಕಲ್ಲ? ನಮ್ಮ ಕಡೆ ಹಾಗೆ ತೋರಿಸಲಿಕ್ಕೆ ಎಲ್ಲರೂ ಹುಡುಕುವ ಕಾಗದ ಒಂದೇ. ಪಹಣಿ.

ಈಗ ಪಹಣಿಯ ಕಥೆ ಕೇಳಿ.

ನಮ್ಮ ಮನೆಯದ್ದೇ ಮೊದಲು. ಹಿತ್ತಲಿನಲ್ಲಿ ಎರಡು ಕರಿ ಇಶಾಡದ ಮರ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ. ಅಜ್ಜ ಹೋಗಿ ಮೂವತ್ತು ವರ್ಷ ದಾಟಿತು. ಅವನ ಮಕ್ಕಳು ಐವರು, ಮೊಮ್ಮಕ್ಕಳು ನಾವು ಹದಿನಾಲ್ಕು ಜನ. ಒಬ್ಬ ಮುಂಬಯಿ, ಇಬ್ಬರು ಗೋವಾ, ಒಬ್ಬಳು ದುಬೈ. ಪೌತಿ ಖಾತೆ ಮಾಡಿಸಲಿಕ್ಕೆ ನಾನು ಮೂರು ಸಲ ಒಂದು ಕಚೇರಿ ಮೆಟ್ಟಿಲು ಹತ್ತಿದೆ. ಮೊದಲ ಸಲ ವಂಶವೃಕ್ಷ ಸರಿ ಇಲ್ಲ ಅಂದರು, ಎರಡನೇ ಸಲ ಅಜ್ಜಿಯ ಹೆಸರು ಒಂದು ಕಡೆ ಒಂದು ಥರ ಇನ್ನೊಂದು ಕಡೆ ಇನ್ನೊಂದು ಥರ ಇದೆ ಅಂದರು, ಮೂರನೇ ಸಲ ಸಾಹೇಬರು ರಜೆ. ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಕೂತು ಕಂಪ್ಯೂಟರ್ ಕುಟ್ಟುವ ನನ್ನ ಪಾಡೇ ಇದು. ಕಾಗದದ ಲೆಕ್ಕದಲ್ಲಿ ಆ ಎರಡು ಮರದ ಬೆಳೆಗಾರ ಈಗಲೂ ನಮ್ಮ ಸತ್ತ ಅಜ್ಜ.

ಇದು ಪಹಣಿ ಇದ್ದವರ ಕಥೆ. ಇಲ್ಲದವರದ್ದು?

ಉತ್ತರ ಕನ್ನಡದಲ್ಲಿ ನೆಲದ ಬಹುಪಾಲು ಅರಣ್ಯ ಇಲಾಖೆಯ ನಕಾಶೆಯೊಳಗಿದೆ. ಗುಡ್ಡದ ಬುಡದಲ್ಲಿ ನಾಲ್ಕು ತೆಂಗು, ಹತ್ತು ಗೇರು, ಎರಡು ಮಾವು ಹಾಕಿಕೊಂಡು ಅಜ್ಜನ ಕಾಲದಿಂದ ಇರುವವರನ್ನು ಸರ್ಕಾರಿ ಭಾಷೆಯಲ್ಲಿ 'ಅತಿಕ್ರಮಣದಾರ' ಅನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ಎಲ್ಲರೂ ಅರ್ಜಿ ಹಾಕಿದರು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದೆವು ಅಂತ ತೋರಿಸಿದರೆ ಸಾಕು. ಬೇರೆಯವರಾದರೆ ಅದಕ್ಕೂ ಹಿಂದಿನ ಮೂರು ತಲೆಮಾರು, 75 ವರ್ಷದ ಲೆಕ್ಕ ಕೊಡಬೇಕು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟು ವರ್ಷದಿಂದ ಕೂಗು ನಡೆದಿದೆ ನಿಮಗೆ ಗೊತ್ತು. ಸೇರಿಸಿಲ್ಲ. ಹಾಗಾಗಿ ಅವರೂ 75 ವರ್ಷದ ಸಾಲಿನಲ್ಲಿ. ಜಿಲ್ಲೆಯ ಬಹುಪಾಲು ಅರ್ಜಿಗಳು ತಿರಸ್ಕಾರವಾದವು. ದಾಖಲೆ ಸಾಲದು ಅನ್ನೋದೇ ಎಲ್ಲರ ಬಾಯಲ್ಲಿ.

ತಮಾಷೆ ಏನು ಗೊತ್ತಾ? ಅದೇ ಕಾಯಿದೆಯ ನಿಯಮ 13ರಲ್ಲಿ, ಅರ್ಜಿದಾರನಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಅಂತ ಇದೆ. 2012ರ ತಿದ್ದುಪಡಿಯಲ್ಲಿ, ಇಂಥದ್ದೇ ದಾಖಲೆ ಬೇಕು ಅಂತ ಪಟ್ಟು ಹಿಡಿಯಬಾರದು ಅಂತಲೂ ಸೇರಿಸಿದರು. ಆರ್‌ಎಸ್‌ಪಿಒದ ಆ 2019ರ ನಿಯಮಾವಳಿಯೂ ಸಣ್ಣ ರೈತನಿಗೆ ಕಾನೂನಿನ ಹಕ್ಕು ಇರಬಹುದು ಅಥವಾ ರೂಢಿಯಿಂದ ಬಂದ ಹಕ್ಕು ಇರಬಹುದು ಅನ್ನುತ್ತದೆ. ಅಂದರೆ ಕೌಲಾಲಂಪುರದವರಿಗೆ ಒಪ್ಪಿಗೆಯಾದ ಮಾತು, ದಿಲ್ಲಿಯ ಕಾಯಿದೆಯಲ್ಲೇ ಇರುವ ಮಾತು, ನಮ್ಮ ಊರಿನ ಮೇಜಿನ ಮೇಲೆ ಬಂದಾಗ ಮಾತ್ರ ನಡೆಯೋದಿಲ್ಲ.

ಕಾರವಾರದ ಕಡೆ ಇನ್ನೊಂದು ಬಗೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸ ಆಯಿತು. ಕಾರವಾರ, ಅಂಕೋಲೆ ತಾಲೂಕುಗಳ ಹದಿಮೂರು ಹಳ್ಳಿ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋದವು. ಗದ್ದೆ, ತೋಟ, ಸಮುದ್ರ ಎಲ್ಲ ಒಟ್ಟಿಗೆ ಇದ್ದವರು ಪುನರ್ವಸತಿ ಕಾಲೊನಿಯ ಸೈಟಿಗೆ ಬಂದು ನಿಂತರು. ನನ್ನ ಅತ್ತೆಯ ಮನೆಯೂ ಅದರಲ್ಲಿ ಒಂದು. ಅವಳು ಕಾಲೊನಿ ಮನೆಯ ಹಿಂದಿನ ಅಂಗೈಯಷ್ಟು ಜಾಗದಲ್ಲಿ ಬಸಳೆ, ಹರಿವೆ ಬೆಳೆದು ಕಾರವಾರದ ಭಾನುವಾರದ ಸಂತೆಗೆ ಒಯ್ಯುತ್ತಾಳೆ. ಗೊಬ್ಬರ ಅಂದರೆ ಪಕ್ಕದ ಮನೆಯ ಸಗಣಿ ಮತ್ತು ಒಲೆಯ ಬೂದಿ. ಅದು ಸಾವಯವ ಅಲ್ಲ ಅಂತ ಹೇಳೋ ಧೈರ್ಯ ಯಾರಿಗಿದೆ?

ಕಾನೂನಿಗಿದೆ. ರಫ್ತಿನ ಸಾವಯವ ಪ್ರಮಾಣಪತ್ರಕ್ಕೆ ಒಳಗಿನ ತಪಾಸಣಾ ವ್ಯವಸ್ಥೆ ಇರುವ ಗುಂಪು, ವರ್ಷ ವರ್ಷದ ದಿನಚರಿ, ತಪಾಸಣೆಯ ಖರ್ಚು ಎಲ್ಲ ಬೇಕು. ತೋಟದ ಬೆಳೆಯಾದರೆ ಮೂರು ವರ್ಷ ಕಾಯಬೇಕು. ಸರ್ಕಾರದ್ದೇ ಆದ ಸಹಭಾಗಿತ್ವ ಪದ್ಧತಿ, ಪಿಜಿಎಸ್ ಅಂತಾರಲ್ಲ, ಅದರಲ್ಲಿ ಐದು ಜನ ರೈತರು ಸೇರಿ ಒಬ್ಬರಿಗೊಬ್ಬರು ಸಾಕ್ಷಿಯಾಗಬಹುದು. ನನಗೆ ಇಷ್ಟವಾದ ಏರ್ಪಾಟು. ಆದರೆ ಅದೂ ಜಮೀನಿನ ವಿವರ ಕೇಳುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಲ್ಲಿ, ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ಉತ್ಪಾದಕರು ಪ್ರಮಾಣಪತ್ರ ಇಲ್ಲದೆಯೇ ತಿನ್ನುವವರಿಗೆ ನೇರವಾಗಿ ಸಾವಯವ ಅಂತ ಮಾರಬಹುದು, ಆದರೆ ಸರ್ಕಾರಿ ಲಾಂಛನ ಹಾಕುವಂತಿಲ್ಲ. ಅಂದರೆ ನನ್ನ ಅತ್ತೆ ತನ್ನ ಕೈ ಚಾಚಿದಷ್ಟು ದೂರ ಮಾತ್ರ ಸಾವಯವ. ಅದೇ ಹರಿವೆ ಬಸ್ಸು ಹತ್ತಿ ಹುಬ್ಬಳ್ಳಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತರೆ ಬರೀ ಹರಿವೆ.

ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆ ಮಾಡಿದರು, ಮರುವರ್ಷ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದು ಹೋದ ಚಿತ್ರ ನೋಡಿ ದೇಶವೇ ಕೈ ಮುಗಿಯಿತು. ಗಿಡದ ಬಗ್ಗೆ ಅವರಿಗೆ ಎಷ್ಟು ಗೊತ್ತು ಅನ್ನೋದಕ್ಕೆ ಯಾರೂ ಸರ್ಟಿಫಿಕೇಟು ಕೇಳಲಿಲ್ಲ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ನೆರೆಮನೆಯವಳು ಹಣ್ಣು ಮಾರಲಿಕ್ಕೆ ಬಂದರೆ ಮಾತ್ರ ಸರ್ವೆ ನಂಬರ್ ಹೇಳಮ್ಮಾ ಅಂತೀವಿ.

ಈ ವಾದವನ್ನು ನನ್ನ ಸ್ನೇಹಿತನ ಮುಂದೆ ಇಟ್ಟೆ. ಅವನು ಹಣ್ಣಿನ ವ್ಯಾಪಾರದ ಒಳಹೊರಗು ಬಲ್ಲವನು. "ಹಾಗಂತ ಕಾಗದ ಬೇಡವೇ ಬೇಡ ಅಂತೀಯಾ? ನಮ್ಮ ಆಪೂಸು ರತ್ನಾಗಿರಿ ಡಬ್ಬಿಯೊಳಗೆ ಹೋಗಿ ಕೂರೋದು ನೋಡಿಲ್ವಾ? ನಾಳೆ ಯಾವುದೋ ಊರಿನ ಹಣ್ಣು ತಂದು ಕರಿ ಇಶಾಡ ಅಂತ ಮಾರಿದರೆ ಯಾರಿಗೆ ನಷ್ಟ?" ಅಂದ. ಸರಿಯಾದ ಮಾತು, ಒಪ್ಪುತ್ತೇನೆ. ಮೋಸ ತಡೆಯಲಿಕ್ಕೆ ಗುರುತು ಬೇಕು. ತಾಳೆಯ ವಿಷಯದಲ್ಲೂ ಅಷ್ಟೇ, ಮುದ್ರೆ ಇಲ್ಲದಿದ್ದರೆ ಸುಮಾತ್ರಾದ ಕಾಡು ಇನ್ನೂ ಬೇಗ ಮುಗಿಯುತ್ತಿತ್ತೇನೋ. ನನ್ನ ಜಗಳ ಗುರುತಿನ ಜೊತೆ ಅಲ್ಲ. ಆ ಗುರುತಿನ ಕೂಲಿ ಯಾರು ಕೊಡಬೇಕು ಅನ್ನೋದರ ಜೊತೆ. ಸುಸ್ಥಿರ ಅನ್ನೋ ಪದ ಬೇಕಾಗಿರೋದು ದೊಡ್ಡ ಪೇಟೆಯ ಗಿರಾಕಿಗೆ. ಆ ಪದದಿಂದ ಹೆಚ್ಚು ದರ ಸಿಗೋದು ಮಧ್ಯದ ಕಂಪನಿಗೆ. ಅದನ್ನು ಸಾಬೀತು ಮಾಡುವ ಹೊರೆ ಮಾತ್ರ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ ಕಾಗದ, ಕಡಿಮೆ ದುಡ್ಡು, ಕಡಿಮೆ ಸಮಯ ಇರುವವಳ ತಲೆಯ ಮೇಲೆ.

ಏನು ಮಾಡಬೇಕು ಅಂತ ಕೇಳ್ತೀರಿ. ಮಾಡಬಹುದು. ಮರ ಎಲ್ಲಿಗೂ ಓಡಿ ಹೋಗೋದಿಲ್ಲ. ತೋಟಗಾರಿಕೆ ಇಲಾಖೆಯವರು ಒಂದು ಬೇಸಿಗೆ ಕೂತು ಅಂಕೋಲೆಯ ಇಶಾಡದ ಮರಗಳನ್ನೇ ಎಣಿಸಲಿ, ಮರಕ್ಕೊಂದು ನಂಬರ್ ಹಾಕಲಿ, ಆ ಮರ ಕೊಯ್ಯುವವಳು ಯಾರು ಅಂತ ಊರ ಐದು ಜನ ಹೇಳಿದ್ದನ್ನು ಬರೆದುಕೊಳ್ಳಲಿ. ನೆಲ ಯಾರದ್ದು ಅನ್ನೋ ಜಗಳ ಕೋರ್ಟಿನಲ್ಲಿ ಇನ್ನೂ ಐವತ್ತು ವರ್ಷ ನಡೆಯಲಿ, ಹಣ್ಣು ಕೊಯ್ದವಳು ಯಾರು ಅಂತ ಹೇಳಲಿಕ್ಕೆ ಅಷ್ಟು ಹೊತ್ತು ಬೇಡ. ಚೆನ್ನೈಗೆ ಹೋಗುವ ಅರ್ಜಿಗಳನ್ನು ಒಟ್ಟು ಮಾಡಿ ಕಳಿಸುವ ಕೆಲಸ ಇಲಾಖೆಯೇ ಮಾಡಲಿ, ಹಳ್ಳಿಯಲ್ಲೇ ಬಂದು ಕೂತು. ಮುದ್ರೆ ಹಾಕಿದ ಹಣ್ಣು ಬೇಕು ಅನ್ನುವ ವ್ಯಾಪಾರಿ ತಪಾಸಣೆಯ ಖರ್ಚನ್ನು ತನ್ನ ಲೆಕ್ಕದಲ್ಲಿ ಬರೆದುಕೊಳ್ಳಲಿ. ಮತ್ತೆ, ಎಲ್ಲಕ್ಕಿಂತ ಮೊದಲು, ಹಣ್ಣು ಎರಡು ದಿನ ಹೆಚ್ಚು ನಿಲ್ಲುವಂತೆ ತಂಪು ಕೋಣೆ, ತಿರುಳು ತೆಗೆದು ಡಬ್ಬಿ ತುಂಬುವ ಘಟಕ ಬೆಳೆಗಾರರ ಕೈಗೆ ಸಿಗುವ ಹಾಗೆ ಆಗಲಿ. ಸಂಜೆ ನಾಲ್ಕಕ್ಕೆ ಬುಟ್ಟಿ ಖಾಲಿ ಮಾಡಲೇಬೇಕಾದವಳಿಗೆ ಜಿಐ ಆದರೇನು, ಚಿನ್ನದ ಪದಕ ಆದರೇನು?

1930ರಲ್ಲಿ ಇದೇ ಅಂಕೋಲೆಯವರು, ಉಪ್ಪು ಮಾಡಲಿಕ್ಕೆ ಸರ್ಕಾರದ ಅಪ್ಪಣೆ ಬೇಡ ಅಂತ ಸಮುದ್ರದ ನೀರು ಕಾಸಿದ್ದರು. ಆಮೇಲೆ ಕರ ಕೊಡೋದಿಲ್ಲ ಅಂತ ನಿಂತು ಜಮೀನನ್ನೇ ಕಳೆದುಕೊಂಡರು. ನಾನು ಈಗ ಕೇಳುತ್ತಿರೋದು ಅಷ್ಟೇನೂ ದೊಡ್ಡದಲ್ಲ. ಕಚೇರಿಯ ಮೇಜು ಒಂದು ದಿನ ಹಳ್ಳಿಗೆ ಬರಲಿ ಅಂತ.

ಆ ದಿನ ತರಬೇತಿ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಪ್ರಮಾಣಪತ್ರ ಕೊಟ್ಟರು, 'ಭಾಗವಹಿಸಿದ್ದಾರೆ' ಅಂತ. ಆ ಅಕ್ಕನಿಗೂ ಕೊಟ್ಟರು. ಹೆಸರು ತಪ್ಪಾಗಿ ಬರೆದಿತ್ತು. ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದು ಬಂದೆವು. ಅಂಕೋಲೆ ಬಸ್ಸು ಬಂದಾಗ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯೊಳಗೆ ಇಟ್ಟುಕೊಂಡಳು. "ಇದೂ ಒಂದು ಕಾಗದ ಆತಲಾ ತಮಾ, ಇದ್ನ ತೋರ್ಸಿದ್ರೆ ಹಣ್ಣು ತಗೊಂತ್ರಾ?" ಅಂತ ನಕ್ಕಳು. ಬಸ್ಸಿನಲ್ಲಿ ಸೀಟು ಇರಲಿಲ್ಲ, ನಿಂತುಕೊಂಡೇ ಹೋದಳು.